ನಲವತ್ತೇಳನೆಯ ಉತ್ತರ

ರಿಬಂದರಿನ ಧಕ್ಕೆ. ಬೆಳಗಿನ ಆರೂ ಮುಕ್ಕಾಲು.
ಫೆರಿಬೋಟು ಇನ್ನೂ ಆಚೆ ದಡದಲ್ಲಿ,
ಚೋಡಣದ ಕಾಂಡ್ಲಾ ಗಿಡಗಳ ಮಗ್ಗುಲಿಗೆ
ಕಬ್ಬಿಣದ ಕೆಳದವಡೆ ಇಳಿಬಿಟ್ಟು ಆಕಳಿಸುತ್ತಿದೆ.
ನನ್ನ ಕೈಯಲ್ಲಿ ನೂರಿಪ್ಪತ್ತು ಪ್ರಶ್ನಾವಳಿ.
ಎಂ.ಎ. ಎರಡನೇ ವರ್ಷ, ಅರ್ಥಶಾಸ್ತ್ರ;
ಪ್ರಬಂಧದ ತಲೆಬರಹ ಇಂಗ್ಲಿಷಿನಲ್ಲಿ ಎರಡು ಸಾಲು,
ಕನ್ನಡದಲ್ಲಿ ಹೇಳುವುದಾದರೆ ಇಷ್ಟೇ:
ಸೇತುವೆ ಬೇಕೋ, ದೋಣಿ ಸಾಕೋ.

ಲವಂದೆ ಸರ್ ಕಲಿಸಿದ್ದಾರೆ,
ಪೇಟೆಯಲ್ಲಿ ಮಾರದ ವಸ್ತುವಿಗೂ ಬೆಲೆಯಿದೆ,
ಮೆಲ್ಲಗೆ ಕೇಳಬೇಕು, ಬಾಯಿಗೆ ಅಂಕಿ ತುರುಕದೆ.
ಉಳಿದ ಹೊತ್ತಿನ ಬೆಲೆ ಕೂಲಿಯ ಮೂರನೇ ಒಂದು ಪಾಲು.
ಗಂಡಾಳಿಗೆ ದಿನಕ್ಕೆ ಏಳುನೂರೈವತ್ತು, ಹೆಣ್ಣಾಳಿಗೆ ಐನೂರು.
ಹಾಗಾಗಿ ಒಂದೇ ಬೋಟಿನ ಒಂದೇ ಹಲಗೆಯ ಮೇಲೆ
ಒಂದೇ ಹತ್ತು ನಿಮಿಷ
ಅವನ ಕಡೆ ತುಸು ದಪ್ಪ, ಅವಳ ಕಡೆ ತೆಳ್ಳಗೆ.
ಕಾರಿನ ಗಾಜು ಏರಿಸಿ ಕೂತವರ ಹತ್ತು ನಿಮಿಷ
ಇವರಿಬ್ಬರದು ಕೂಡಿಸಿದರೂ ನಿಲುಕದಷ್ಟು.
ಸೇತುವೆಯ ಲಾಭವೆಲ್ಲ ಹುಟ್ಟುವುದು ಆ ಗಾಜಿನೊಳಗೆ.
ಎಕ್ಸೆಲ್ಲಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ.
ನಿಜ ಹೇಳಬೇಕೆಂದರೆ
ನನಗೂ ಆ ಬೆಳಗಿನ ತನಕ ಕಂಡಿರಲಿಲ್ಲ.

ಹಳಿಯಾಳದವಳು ನಾನು, ಕೊಂಕಣಿ ತಡವರಿಸುತ್ತದೆ.
ಆದರೆ ಏಳರ ಬೋಟು ಅರ್ಧಕ್ಕರ್ಧ ಕನ್ನಡ:
ಸಲಿಕೆ, ಬುಟ್ಟಿ, ರೊಟ್ಟಿಗಂಟು, ರಾತ್ರಿಯ ಜಗಳದ ಬಾಕಿ.
ನಲವತ್ತೇಳನೆಯವಳು ದ್ಯಾಮವ್ವ,
ಮುದ್ದೇಬಿಹಾಳದ ಕಡೆಯವಳು, ಇಲ್ಲಿ ಹತ್ತೊಂಬತ್ತು ವರ್ಷ.
ಗಮೇಲಾ ಬೋರಲು ಹಾಕಿ ಅದರ ಮೇಲೆ ಕೂತಿದ್ದಳು.

"ಈಗ ದಾಟುವುದು ಪುಕ್ಕಟೆ. ಟಿಕೆಟ್ ಇಟ್ಟರೆ
ಹೆಚ್ಚೆಂದರೆ ಎಷ್ಟು ಕೊಡುವಿರಿ?"
ಅವಳು ಹಾಳೆ ನೋಡಲಿಲ್ಲ, ನನ್ನ ಮುಖ ನೋಡಿದಳು.

"ಹೆಚ್ಚ ಹೇಳಿದ್ರ ನಾಳಿಂದನ ಟಿಕೀಟ ಹಚ್ಚತೀರಿ.
ಕಡಿಮಿ ಹೇಳಿದ್ರ, ಯಾರಿಗೂ ಬ್ಯಾಡಾಗೇತಿ ಅಂತ ಬೋಟ ತಗೀತೀರಿ.
ಯಾ ಬಾಯಿಲೆ ಹೇಳ್ಲಿ ತಂಗಿ?"

ಮೂರು ವಾರ, ಒಂಬತ್ತು ಉಪನ್ಯಾಸ,
ಬೋರ್ಡಿನ ತುಂಬ ಗ್ರೀಕ್ ಅಕ್ಷರ,
ಎಷ್ಟು ಬೆವರಿದ್ದೆವು ನಾವು ಈ ಒಂದು ಮಾತಿಗೆ!
ಒಬ್ಬ ಅದರಲ್ಲೇ ನಪಾಸಾಗಿದ್ದ.

"ಹತ್ತ ಮಿನಿಟ ಉಳಿತಾವು ಅಂತೀಯಲ್ಲ,
ಉಳಿಸಿ ಎಲ್ಲಿಡ್ಲಿ? ಮೇಸ್ತ್ರಿ ಹತ್ತ ಮಿನಿಟ ಮೊದಲ ಕರೀತಾನ.
ದಿನದಾಗ ನಾ ಕುಂದ್ರೂದು ಇದೊಂದ ಜಾಗಾ."

ಎಂಜಿನ್ನು ಗುಡುಗಿತು, ಮಾಂಡವಿ ಒಮ್ಮೆ ಮೈ ಮುರಿಯಿತು.
ಪೆನ್ನು ಹಾಳೆಯ ಮೇಲೆ ಹಾಗೇ ನಿಂತಿತ್ತು.
ಉತ್ತರವಿಲ್ಲ ಎಂದು ಗುರುತು ಹಾಕಲೇ?
ಅಥವಾ ಶೂನ್ಯ? ಅದಕ್ಕೂ ಎರಡು ಜಾತಿ:
ನಿಜವಾದ ಶೂನ್ಯ, ಪ್ರತಿಭಟನೆಯ ಶೂನ್ಯ.
ಎರಡನೆಯದನ್ನು ಲೆಕ್ಕದಿಂದ ತೆಗೆದುಬಿಡುತ್ತೇವೆ.

ದಡ ಹತ್ತಿರ ಬಂತು. ಅವಳೆದ್ದು ಸೆರಗು ಸಿಕ್ಕಿಸಿದಳು.
"ಈ ಹಾಳಿ ತುಂಬಿದ್ರ ನಿನಗೇನ ಸಿಗತೈತಿ?"
ಮಾರ್ಕು, ಅಂದೆ.
"ಅದನ್ನ ಮೊದಲ ಹೇಳಬಾರದ!
ಬರಕೋ, ಐದ ರೂಪಾಯಿ."
ಗಮೇಲಾ ತಲೆಗೇರಿಸಿ ಇಳಿದು ಹೋದಳು.

ಬರೆದುಕೊಂಡೆ. ಐದು.
ಸರಾಸರಿಯ ಮಗ್ಗುಲಲ್ಲೇ ಸರಿಯಾಗಿ ಕೂತಿತು ಅದು.
ಲವಂದೆ ಸರ್ ಪೆನ್ಸಿಲು ಹಿಡಿದು
ಹನ್ನೊಂದು ಉತ್ತರಗಳ ಪಕ್ಕ ಪ್ರಶ್ನೆಚಿಹ್ನೆ ಹಾಕಿದರು;
ನಲವತ್ತೇಳನ್ನು ಮುಟ್ಟಲಿಲ್ಲ.

ನಾನೂ ಬಾಯಿ ಬಿಡಲಿಲ್ಲ.
ಆ ದಿನ ಆರು ಸಲ ದಾಟಿದೆ, ಪುಕ್ಕಟೆ.
ಕೊನೆಯೆರಡು ಸಲ ಯಾರನ್ನೂ ಏನೂ ಕೇಳದೆ
ಬರಿದೇ ಕೂತಿದ್ದೆ.